ಕರುಳಿನ ಕ್ಯಾನ್ಸರ್: ಮದ್ದಿಗೆ ಮೊದಲು ಗಡ್ಡೆಯ ಗುರುತು

ಅಡಿಕೆ ತೋಟ ಇರುವವರಿಗೆ ಈ ಮಾತನ್ನು ಬಿಡಿಸಿ ಹೇಳಬೇಕಾಗಿಲ್ಲ. ಮಳೆಗಾಲದಲ್ಲಿ ಕೊಳೆರೋಗ ಬಾರದಂತೆ ಮೈಲುತುತ್ತು ಮತ್ತು ಸುಣ್ಣದ ಬೋರ್ಡೋ ದ್ರಾವಣ ಬಿಡುತ್ತೇವೆ. ಹೊತ್ತಿಗೆ ಸರಿಯಾಗಿ ಬಿಟ್ಟರೆ ಬೆಳೆ ಉಳಿಯುತ್ತದೆ. ಅದೇ ದ್ರಾವಣವನ್ನು ಹಳದಿ ಎಲೆ ರೋಗ ಬಂದ ಮರಕ್ಕೆ ಎಷ್ಟು ಬಿಟ್ಟರೂ ಪ್ರಯೋಜನವಿಲ್ಲ. ಮರ ಒಂದೇ, ರೋಗ ಬೇರೆ. ಆದುದರಿಂದ ಮದ್ದು ಬಿಡುವ ಮೊದಲು ರೋಗ ಯಾವುದೆಂದು ಗುರುತಿಸುವುದು ಬುದ್ಧಿವಂತ ಕೃಷಿಕನ ಲಕ್ಷಣ.

ದೊಡ್ಡ ಕರುಳಿನ ಮತ್ತು ಗುದನಾಳದ ಕ್ಯಾನ್ಸರಿನಲ್ಲಿಯೂ ವಿಷಯ ಹೀಗೆಯೇ ಇದೆ. ಬಹುಕಾಲ ಇದನ್ನು ಒಂದೇ ರೋಗವೆಂದು ತಿಳಿದು ಎಲ್ಲರಿಗೂ ಒಂದೇ ಬಗೆಯ ಮದ್ದು ಕೊಡಲಾಗುತ್ತಿತ್ತು. ಸೂಕ್ಷ್ಮದರ್ಶಕದಲ್ಲಿ ಒಂದೇ ರೀತಿ ಕಾಣುವ ಎರಡು ಗಡ್ಡೆಗಳು ಒಳಗಿನಿಂದ ಬೇರೆ ಬೇರೆ ರೋಗಗಳೇ ಆಗಿರಬಹುದೆಂದು ಈಗ ತಿಳಿದಿದೆ. ಒಬ್ಬರಿಗೆ ಜೀವ ಉಳಿಸಿದ ಮದ್ದು ಇನ್ನೊಬ್ಬರಿಗೆ ಬರೇ ಖರ್ಚು ಮತ್ತು ಸಂಕಟವಾಗಬಹುದು. ಯಾರಿಗೆ ಯಾವುದು ಎಂದು ತಿಳಿಸುವ ಗುರುತುಗಳ ವಿಚಾರವನ್ನು ಈ ಪಾಠದಲ್ಲಿ ನೋಡೋಣ.

ರೋಗ ಹುಟ್ಟುವ ಬಗೆ

ನಮ್ಮ ದೊಡ್ಡ ಕರುಳು ಸುಮಾರು ಒಂದೂವರೆ ಮೀಟರ್ ಉದ್ದದ ಕೊಳವೆ. ಇದರ ಒಳಪದರದ ಜೀವಕೋಶಗಳು ಕೆಲವೇ ದಿನಗಳಲ್ಲಿ ಸವೆದು ಉದುರಿ, ಹೊಸವು ಬರುತ್ತಲೇ ಇರುತ್ತವೆ. ಕೋಶ ಎರಡಾಗುವಾಗಲೆಲ್ಲ ಅದರೊಳಗಿನ ವಂಶವಾಹಿಗಳ, ಅಂದರೆ ಜೀನ್‌ಗಳ, ನಕಲು ಆಗಬೇಕು. ನಕಲಿನಲ್ಲಿ ತಪ್ಪುಗಳು ಸೇರಿ, ಕೋಶ ಅಂಕೆ ತಪ್ಪಿ ಬೆಳೆದರೆ ಮೊದಲು ಪಾಲಿಪ್ ಎಂಬ ಸಣ್ಣ ಗಂಟು ಹುಟ್ಟುತ್ತದೆ. ಎಲ್ಲ ಪಾಲಿಪ್‌ಗಳೂ ಕ್ಯಾನ್ಸರ್ ಆಗುವುದಿಲ್ಲ. ಆಗುವವೂ ಸಾಮಾನ್ಯವಾಗಿ ಹತ್ತು ವರ್ಷಗಳಷ್ಟು ಕಾಲ ತೆಗೆದುಕೊಳ್ಳುತ್ತವೆ. ಜೀನ್‌ಗಳು ಒಂದರ ಮೇಲೊಂದು ಕೆಟ್ಟು ಪಾಲಿಪ್ ಮೆಟ್ಟಿಲು ಮೆಟ್ಟಿಲಾಗಿ ಕ್ಯಾನ್ಸರ್ ಆಗುವ ಬಗೆಯನ್ನು ಅಮೆರಿಕದ ಬಾಲ್ಟಿಮೋರ್‌ನ ಫೀರನ್ ಮತ್ತು ವೋಗಲ್‌ಸ್ಟೈನ್ ಎಂಬ ವಿಜ್ಞಾನಿಗಳು 1990ರಲ್ಲಿ ವಿವರಿಸಿದರು.

ಹತ್ತು ವರ್ಷವೆಂದರೆ ರೋಗವನ್ನು ಮೊದಲೇ ಹಿಡಿಯಲು ಬೇಕಾದಷ್ಟು ಅವಕಾಶ. ಆದರೆ ಮಲದಲ್ಲಿ ರಕ್ತ ಕಂಡಾಗ ನಮ್ಮಲ್ಲಿ ಹೆಚ್ಚಿನವರು ಮೂಲವ್ಯಾಧಿ ಎಂದು ತಾವೇ ತೀರ್ಮಾನಿಸಿ, ನಾಚಿಕೆಯಿಂದ ಯಾರಲ್ಲೂ ಹೇಳದೆ ಮನೆಮದ್ದು ಮಾಡುತ್ತಾರೆ. ಮೂಲವ್ಯಾಧಿ ಇರಬಹುದು, ಅದರ ಮೇಲೆ ಇನ್ನೊಂದು ಗಡ್ಡೆಯೂ ಇರಬಹುದು. ರಕ್ತ ಹೋಗುವುದು, ಮಲವಿಸರ್ಜನೆಯ ಕ್ರಮ ವಾರಗಟ್ಟಲೆ ಬದಲಾಗುವುದು, ಕಾರಣವಿಲ್ಲದೆ ತೂಕ ಇಳಿಯುವುದು, ಗಂಡಸರಲ್ಲಿ ಅಥವಾ ಮುಟ್ಟು ನಿಂತ ಹೆಂಗಸರಲ್ಲಿ ರಕ್ತಹೀನತೆ ಕಾಣುವುದು - ಇವುಗಳಲ್ಲಿ ಒಂದಿದ್ದರೂ ಪರೀಕ್ಷೆ ಬೇಕು. ವಯಸ್ಸು ಐವತ್ತು ದಾಟದಿದ್ದರೆ ಭಯವಿಲ್ಲ ಎಂಬ ಮಾತನ್ನು ನಂಬಬೇಡಿ. ನಮ್ಮ ದೇಶದಲ್ಲಿ ಈ ರೋಗ ಪಾಶ್ಚಾತ್ಯ ದೇಶಗಳಿಗಿಂತ ಕಡಿಮೆಯಾದರೂ ರೋಗಿಗಳಲ್ಲಿ ಪ್ರಾಯದವರ ಪಾಲು ಸಣ್ಣದಲ್ಲ.

ಹಂತ ಬೇರೆ, ಗುರುತು ಬೇರೆ

ಕ್ಯಾನ್ಸರ್ ಎಂದು ತಿಳಿದ ಮೇಲೆ ಡಾಕ್ಟರರು ಒಂದರಿಂದ ನಾಲ್ಕರವರೆಗೆ ಹಂತ ಹೇಳುತ್ತಾರೆ. ಗಡ್ಡೆ ಕರುಳಿನ ಗೋಡೆಯೊಳಗೇ ಇದ್ದರೆ ಒಂದು, ಗೋಡೆಯನ್ನು ದಾಟುವಷ್ಟು ಬೆಳೆದಿದ್ದರೆ ಎರಡು, ಹತ್ತಿರದ ದುಗ್ಧಗ್ರಂಥಿಗಳಿಗೆ ಹೋಗಿದ್ದರೆ ಮೂರು, ಪಿತ್ತಜನಕಾಂಗ, ಶ್ವಾಸಕೋಶದಂಥ ದೂರದ ಅಂಗಗಳಿಗೆ ಹಬ್ಬಿದ್ದರೆ ನಾಲ್ಕು. ಹಂತವು ರೋಗ ಎಷ್ಟು ದೂರ ಹೋಗಿದೆ ಎಂದು ಹೇಳುತ್ತದೆ. ರೋಗದ ಸ್ವಭಾವ ಎಂಥದ್ದು ಎಂದು ಹೇಳುವುದು ಗುರುತು. ಗಡ್ಡೆಯಲ್ಲಿ ಅಥವಾ ರಕ್ತದಲ್ಲಿ ಸಿಗುವ ಯಾವುದೋ ಪ್ರೋಟೀನ್ ಅಥವಾ ಜೀನ್‌ನಲ್ಲಿನ ಬದಲಾವಣೆಯೇ ಈ ಗುರುತು. ಆಸ್ಪತ್ರೆಗಳಲ್ಲಿ ಇದನ್ನು ಮಾರ್ಕರ್ ಎನ್ನುತ್ತಾರೆ.

ಇವುಗಳ ಕೆಲಸ ಎರಡು ವಿಧ. ಒಂದು, ರೋಗ ಮುಂದೆ ಹೇಗೆ ನಡೆದೀತು, ಮರಳಿ ಬರುವ ಸಂಭವ ಎಷ್ಟು ಎಂದು ತಿಳಿಸುವುದು. ಇನ್ನೊಂದು, ಯಾವ ಮದ್ದು ನಾಟೀತು, ಯಾವುದು ನಾಟದು ಎಂದು ತಿಳಿಸುವುದು. ಕೆಲವು ಗುರುತುಗಳು ಎರಡನ್ನೂ ಹೇಳುತ್ತವೆ.

ಹಳೆಯ ಗುರುತು: ಸಿ.ಇ.ಎ.

ಕೆನಡಾದ ಮಾಂಟ್ರಿಯಲ್‌ನಲ್ಲಿ ಫಿಲ್ ಗೋಲ್ಡ್ ಮತ್ತು ಸ್ಯಾಮ್ಯುವೆಲ್ ಫ್ರೀಡ್‌ಮನ್ ಎಂಬ ವೈದ್ಯರು 1965ರಲ್ಲಿ ಕಂಡುಹಿಡಿದ ಸಿ.ಇ.ಎ. ಎಂಬ ಪ್ರೋಟೀನ್ ಇಂದಿಗೂ ಬಳಕೆಯಲ್ಲಿದೆ. ಇದು ಸುಲಭವಾದ ರಕ್ತ ಪರೀಕ್ಷೆ. ಸಾಮಾನ್ಯವಾಗಿ ಒಂದು ಮಿಲಿಲೀಟರ್ ರಕ್ತರಸದಲ್ಲಿ 5 ನ್ಯಾನೋಗ್ರಾಮ್‌ವರೆಗೆ ಇದ್ದರೆ ಸರಿ ಎನ್ನುತ್ತಾರೆ.

ಇದರ ಬಗ್ಗೆ ಜನರಲ್ಲಿ ಒಂದು ತಪ್ಪು ತಿಳುವಳಿಕೆ ಇದೆ. ಸಿ.ಇ.ಎ. ಸರಿಯಾಗಿದ್ದರೆ ಕ್ಯಾನ್ಸರ್ ಇಲ್ಲ ಎಂದರ್ಥವಲ್ಲ. ಆರಂಭದ ಹಂತದ ಹಲವರಲ್ಲಿ ಇದು ಏರುವುದೇ ಇಲ್ಲ. ಬೀಡಿ ಸಿಗರೇಟು ಸೇದುವವರಲ್ಲಿ, ಪಿತ್ತಜನಕಾಂಗದ ರೋಗ ಇರುವವರಲ್ಲಿ ಕ್ಯಾನ್ಸರ್ ಇಲ್ಲದೆಯೂ ಏರಬಹುದು. ಆದುದರಿಂದ ರೋಗ ಹುಡುಕಲು ಇದು ತಕ್ಕ ಪರೀಕ್ಷೆಯಲ್ಲ. ಅದಕ್ಕೆ ಕೊಲೊನೋಸ್ಕೋಪಿಯೇ ಬೇಕು. ಸಿ.ಇ.ಎ.ಯ ನಿಜವಾದ ಉಪಯೋಗ ಕಾವಲು ಕಾಯುವುದರಲ್ಲಿದೆ. ಆಪರೇಶನ್‌ಗೆ ಮೊದಲು ಒಮ್ಮೆ ಅಳೆದಿಡಬೇಕು. ಗಡ್ಡೆ ಪೂರ್ತಿ ತೆಗೆದರೆ ಏರಿದ್ದ ಮಟ್ಟ ಕೆಲವು ವಾರಗಳಲ್ಲಿ ಇಳಿಯುತ್ತದೆ. ಮುಂದೆ ಐದು ವರ್ಷ, ಮೊದಮೊದಲು ಮೂರರಿಂದ ಆರು ತಿಂಗಳಿಗೊಮ್ಮೆ ನೋಡುತ್ತಿದ್ದರೆ, ರೋಗ ಮರಳಿ ತಲೆ ಎತ್ತಿದ್ದು ಕೆಲವೊಮ್ಮೆ ಲಕ್ಷಣ ಕಾಣುವ ಮೊದಲೇ ತಿಳಿಯುತ್ತದೆ.

ಖರ್ಚು ಉಳಿಸುವ ಗುರುತು: ರಾಸ್

ಕರುಳಿನ ಕೋಶದ ಹೊರಮೈಯಲ್ಲಿ ಇ.ಜಿ.ಎಫ್.ಆರ್. ಎಂಬ ಒಂದು ಪ್ರೋಟೀನ್ ಇದೆ. ಇದನ್ನು ಪಂಪ್‌ಸೆಟ್‌ನ ಗುಂಡಿ ಎಂದು ಭಾವಿಸಿ. ಗುಂಡಿ ಒತ್ತಿದರೆ ಒಳಗೆ ರಾಸ್ ಎಂಬ ಪ್ರೋಟೀನ್‌ಗಳ ಮೂಲಕ ಸುದ್ದಿ ಹೋಗಿ ಕೋಶ ಬೆಳೆಯುತ್ತದೆ. ಸೆಟುಕ್ಸಿಮಾಬ್, ಪ್ಯಾನಿಟುಮುಮಾಬ್ ಎಂಬ ಮದ್ದುಗಳು ಈ ಗುಂಡಿಯನ್ನು ಯಾರೂ ಒತ್ತದಂತೆ ಮುಚ್ಚುತ್ತವೆ. ಆದರೆ ಸ್ಟಾರ್ಟರ್‌ನ ಒಳಗಿನ ಕಾಂಟಾಕ್ಟ್ ಸುಟ್ಟು ಅಂಟಿಕೊಂಡಿದ್ದರೆ ಗುಂಡಿಯನ್ನು ಮುಚ್ಚಿ ಫಲವೇನು? ಪಂಪ್ ನಿಲ್ಲುವುದಿಲ್ಲ. ಕೆ-ರಾಸ್ ಅಥವಾ ಎನ್-ರಾಸ್ ಜೀನ್ ಕೆಟ್ಟ ಗಡ್ಡೆಗಳಲ್ಲಿ ಆಗುವುದು ಇದೇ.

ಸೆಟುಕ್ಸಿಮಾಬ್‌ಗೆ ಅಮೆರಿಕದಲ್ಲಿ ಕರುಳಿನ ಕ್ಯಾನ್ಸರಿಗೆ ಒಪ್ಪಿಗೆ ಸಿಕ್ಕಿದ್ದು 2004ರಲ್ಲಿ. ಆಗ ಹಬ್ಬಿದ ರೋಗದಲ್ಲಿ ರಾಸ್ ನೋಡದೆಯೇ ಇದನ್ನು ಕೊಡುತ್ತಿದ್ದರು. ಕೆಲವರಿಗೆ ನಾಟುತ್ತಿತ್ತು, ಅನೇಕರಿಗೆ ಇಲ್ಲ. ಮೊದಲು ನಡೆಸಿದ್ದ ಪ್ರಯೋಗಗಳ ರೋಗಿಗಳ ಗಡ್ಡೆಯ ತುಣುಕುಗಳನ್ನು ಮತ್ತೆ ತೆಗೆದು ಪರೀಕ್ಷಿಸಿದಾಗ, 2008ರ ಹೊತ್ತಿಗೆ ಗುಟ್ಟು ಹೊರಬಿತ್ತು. ಕೆ-ರಾಸ್ ಕೆಟ್ಟವರಿಗೆ ಈ ಮದ್ದಿನಿಂದ ಪ್ರಯೋಜನವೇ ಆಗಿರಲಿಲ್ಲ. ಕೆಲವು ಪ್ರಯೋಗಗಳಲ್ಲಿ ಅಂಥವರಿಗೆ ಕೆಡುಕೂ ಆಗಿತ್ತು. ನೂರು ಕರುಳಿನ ಕ್ಯಾನ್ಸರ್‌ಗಳಲ್ಲಿ ಸುಮಾರು 40ರಲ್ಲಿ ಕೆ-ರಾಸ್ ಕೆಟ್ಟಿರುತ್ತದೆ. ಎನ್-ರಾಸ್ ಇನ್ನೂ ಕೆಲವರಲ್ಲಿ. ಅಂದರೆ ಪರೀಕ್ಷೆ ಮಾಡದೆ ಈ ದುಬಾರಿ ಮದ್ದು ಆರಂಭಿಸಿದರೆ ಹೆಚ್ಚುಕಡಿಮೆ ಅರ್ಧದಷ್ಟು ಕುಟುಂಬಗಳ ಹಣ ನೀರಿಗೆ ಹೋದಂತೆ. ತೋಟ ಅಡವಿಡುವ ಮೊದಲು ಈ ಒಂದು ವರದಿಯನ್ನು ಕೇಳುವುದರಲ್ಲಿ ಸಂಕೋಚವೇಕೆ?

ರಾಸ್ ಸರಿಯಿದ್ದರೂ ಗಡ್ಡೆ ಇರುವ ಜಾಗ ಮುಖ್ಯ. ಕರುಳಿನ ಎಡಭಾಗದ ಗಡ್ಡೆಗಳಿಗೆ ಈ ಮದ್ದುಗಳು ಬಲಭಾಗದವಕ್ಕಿಂತ ಚೆನ್ನಾಗಿ ನಾಟುತ್ತವೆ.

ಇದರ ಜೊತೆ ನೋಡುವ ಇನ್ನೊಂದು ಗುರುತು ಬಿ-ರಾಫ್. ವಿ600ಇ ಎಂಬ ಬದಲಾವಣೆ ನೂರರಲ್ಲಿ ಎಂಟು ಹತ್ತು ಮಂದಿಯಲ್ಲಿ ಇರುತ್ತದೆ. ಹಬ್ಬಿದ ರೋಗದಲ್ಲಿ ಇದು ಕಂಡರೆ ರೋಗ ಬಿರುಸಾಗಿ ನಡೆಯುವ ಸೂಚನೆ. ಆದರೆ ಇಂಥವರಿಗೆಂದೇ ಎನ್‌ಕೊರಾಫೆನಿಬ್ ಎಂಬ ಮಾತ್ರೆಯನ್ನು ಸೆಟುಕ್ಸಿಮಾಬ್ ಜೊತೆ ಕೊಡುವ ಚಿಕಿತ್ಸೆಗೆ 2020ರಲ್ಲಿ ಅಮೆರಿಕದಲ್ಲಿ ಒಪ್ಪಿಗೆ ದೊರೆಯಿತು. ಕೆಟ್ಟ ಸುದ್ದಿ ಹೇಳಿದ ಗುರುತೇ ದಾರಿಯನ್ನೂ ತೋರಿಸಿತು.

ಎಲ್ಲರಿಗೂ ಬೇಕಾದ ಗುರುತು: ತಿದ್ದುವವರು ಇದ್ದಾರೆಯೇ?

ಪತ್ರಿಕೆ ಅಚ್ಚಾಗುವ ಮೊದಲು ಒಬ್ಬರು ಕರಡು ತಿದ್ದುತ್ತಾರೆ. ಅವರು ರಜೆ ಹಾಕಿದರೆ ಪುಟ ತುಂಬ ತಪ್ಪುಗಳು. ನಮ್ಮ ಕೋಶಗಳಲ್ಲಿಯೂ ಜೀನ್ ನಕಲಿನ ತಪ್ಪು ತಿದ್ದುವ ಪ್ರೋಟೀನ್‌ಗಳಿವೆ. ಮುಖ್ಯವಾದವು ನಾಲ್ಕು: ಎಂ.ಎಲ್.ಎಚ್.1, ಎಂ.ಎಸ್.ಎಚ್.2, ಎಂ.ಎಸ್.ಎಚ್.6 ಮತ್ತು ಪಿ.ಎಂ.ಎಸ್.2. ಇವುಗಳಲ್ಲಿ ಒಂದು ಇಲ್ಲವಾದರೂ ತಪ್ಪುಗಳು ರಾಶಿ ಬೀಳುತ್ತವೆ. ವರದಿಯಲ್ಲಿ ಇಂಥ ಗಡ್ಡೆಯನ್ನು ಎಂ.ಎಂ.ಆರ್. ಕೊರತೆ ಅಥವಾ ಎಂ.ಎಸ್.ಐ. ಹೆಚ್ಚು ಎಂದು ಬರೆದಿರುತ್ತಾರೆ. ನೂರು ಗಡ್ಡೆಗಳಲ್ಲಿ ಸುಮಾರು 15 ಈ ಜಾತಿಯವು; ನಾಲ್ಕನೆಯ ಹಂತದಲ್ಲಿ ಮಾತ್ರ ಸುಮಾರು ಐದು.

ಈ ಒಂದು ಗುರುತು ಮೂರು ವಿಷಯಗಳನ್ನು ಹೇಳುತ್ತದೆ.

1. ಎರಡನೆಯ ಹಂತದಲ್ಲಿ ಇಂಥ ಗಡ್ಡೆಯವರಿಗೆ ಆಪರೇಶನ್ ನಂತರ ರೋಗ ಮರಳುವುದು ಕಡಿಮೆ. ಫೈವ್-ಎಫ್.ಯು. ಅಥವಾ ಅದೇ ಜಾತಿಯ ಮಾತ್ರೆ ಒಂದನ್ನೇ ಕೊಡುವ ಕಿಮೋಥೆರಪಿಯಿಂದ ಅವರಿಗೆ ಲಾಭ ಕಾಣುವುದಿಲ್ಲ. ಹಾಗಾಗಿ ಅನೇಕರಿಗೆ ಕಿಮೋ ಇಲ್ಲದೆಯೇ ಬರೇ ತಪಾಸಣೆ ಸಾಕಾಗುತ್ತದೆ.

2. ಹಬ್ಬಿದ ರೋಗದಲ್ಲಿ ಇವರಿಗೆ ಇಮ್ಯುನೋಥೆರಪಿ, ಅಂದರೆ ದೇಹದ ಸ್ವಂತ ರಕ್ಷಣಾ ಪಡೆಯನ್ನು ಎಬ್ಬಿಸುವ ಚಿಕಿತ್ಸೆ, ನಾಟುತ್ತದೆ. ತಪ್ಪುಗಳು ತುಂಬಿದ ಗಡ್ಡೆಯನ್ನು ಆ ಪಡೆ ಪರಕೀಯವೆಂದು ಗುರುತಿಸಬಲ್ಲದು. 2020ರಲ್ಲಿ ಪ್ರಕಟವಾದ ಪ್ರಯೋಗವೊಂದರಲ್ಲಿ ಇಂಥ 307 ರೋಗಿಗಳಿದ್ದರು. ಪೆಂಬ್ರೊಲಿಜುಮಾಬ್ ಪಡೆದವರಲ್ಲಿ ರೋಗ ಮುಂದುವರಿಯದೆ ಇದ್ದ ಮಧ್ಯಮ ಅವಧಿ 16.5 ತಿಂಗಳು, ಕಿಮೋ ಪಡೆದವರಲ್ಲಿ 8.2 ತಿಂಗಳು. ನ್ಯೂಯಾರ್ಕಿನಲ್ಲಿ ಇದೇ ಜಾತಿಯ ಗುದನಾಳದ ಕ್ಯಾನ್ಸರ್ ಇದ್ದವರಿಗೆ ಡೊಸ್ಟಾರ್ಲಿಮಾಬ್ ಎಂಬ ಮದ್ದನ್ನು ಆರು ತಿಂಗಳು ಕೊಟ್ಟರು. 2022ರಲ್ಲಿ ವರದಿಯಾದ ಮೊದಲ 12 ಮಂದಿಯಲ್ಲಿ ಎಲ್ಲರ ಗಡ್ಡೆಯೂ ಮಾಯವಾಗಿ, ಆಪರೇಶನ್ ಆಗಲಿ ವಿಕಿರಣವಾಗಲಿ ಬೇಕಾಗಲಿಲ್ಲ. ಇದನ್ನು ಕೇಳಿ ಎಲ್ಲ ರೋಗಿಗಳಿಗೂ ಈ ಮದ್ದು ಕೊಡಿಸಲು ಹೊರಡಬಾರದು. ತಿದ್ದುವ ಪ್ರೋಟೀನ್‌ಗಳು ಸರಿಯಿರುವ ಉಳಿದ ಹೆಚ್ಚಿನವರಿಗೆ ಇದು ಒಂದನ್ನೇ ಕೊಟ್ಟರೆ ಬಹುಮಟ್ಟಿಗೆ ನಾಟುವುದಿಲ್ಲ.

3. ರೋಗ ವಂಶದಲ್ಲಿ ಬಂದುದಿರಬಹುದೆಂಬ ಎಚ್ಚರಿಕೆ. ಇದನ್ನು ಸ್ವಲ್ಪ ವಿವರವಾಗಿ ನೋಡಬೇಕು.

ಮನೆತನದ ಮಾತು

1895ರಲ್ಲಿ ಅಮೆರಿಕದ ಮಿಶಿಗನ್‌ನಲ್ಲಿ ಆಲ್ಡ್ರೆಡ್ ವಾರ್ಥಿನ್ ಎಂಬ ವೈದ್ಯರಲ್ಲಿ ಅವರ ಬಟ್ಟೆ ಹೊಲಿಯುತ್ತಿದ್ದ ಹೆಂಗಸು ತನ್ನ ದುಃಖ ಹೇಳಿಕೊಂಡಳು: ತಮ್ಮ ಮನೆಯವರೆಲ್ಲ ಕರುಳಿನ ಅಥವಾ ಗರ್ಭಕೋಶದ ಕ್ಯಾನ್ಸರಿನಿಂದ ಸಾಯುತ್ತಾರೆ, ತನಗೂ ಅದೇ ಗತಿ ಎಂದು. ಕೊನೆಗೆ ಆಕೆ ಗರ್ಭಕೋಶದ ಕ್ಯಾನ್ಸರಿನಿಂದಲೇ ಪ್ರಾಯದಲ್ಲಿ ತೀರಿಕೊಂಡಳು. ವಾರ್ಥಿನ್ ಆ ಮನೆತನದ ವಿವರವನ್ನು ಬರೆದಿಟ್ಟು 1913ರಲ್ಲಿ ಪ್ರಕಟಿಸಿದರು. ಮುಂದೆ 1960ರ ದಶಕದಿಂದ ಹೆನ್ರಿ ಲಿಂಚ್ ಎಂಬ ವೈದ್ಯರು ಇಂಥ ಹಲವು ಮನೆತನಗಳನ್ನು ಅಭ್ಯಾಸ ಮಾಡಿದರು. ಕಾರಣವಾದ ಜೀನ್‌ಗಳು 1993ರಿಂದ ಒಂದೊಂದಾಗಿ ಸಿಕ್ಕಿದವು. ಆ ಹೆಂಗಸಿನ ವಂಶದಲ್ಲಿ ಕೆಟ್ಟಿದ್ದುದು ಎಂ.ಎಸ್.ಎಚ್.2 ಎಂದು ಸುಮಾರು ನೂರು ವರ್ಷಗಳ ನಂತರ ತಿಳಿಯಿತು. ಇಂದು ಈ ಸ್ಥಿತಿಗೆ ಲಿಂಚ್ ಸಿಂಡ್ರೋಮ್ ಎಂದು ಹೆಸರು.

ಕರುಳಿನ ಕ್ಯಾನ್ಸರ್ ಆದ ನೂರು ಮಂದಿಯಲ್ಲಿ ಸುಮಾರು ಮೂವರಿಗೆ ಲಿಂಚ್ ಇರುತ್ತದೆ. ತಂದೆ ಅಥವಾ ತಾಯಿಯಲ್ಲಿ ದೋಷವಿದ್ದರೆ ಪ್ರತಿಯೊಂದು ಮಗುವಿಗೂ, ಗಂಡಾಗಲಿ ಹೆಣ್ಣಾಗಲಿ, ಬರುವ ಸಂಭವ ಅರ್ಧಕ್ಕರ್ಧ. ಮನೆಯಲ್ಲೇ ಲೆಕ್ಕ ಹಾಕಲು ಮೂರು-ಎರಡು-ಒಂದು ಎಂಬ ಸೂತ್ರವನ್ನು ನೆನಪಿಡಿ. ಹತ್ತಿರದ ರಕ್ತಸಂಬಂಧಿಗಳಲ್ಲಿ ಮೂವರಿಗೆ ಕರುಳಿನ, ಗರ್ಭಕೋಶದ ಅಥವಾ ಇದಕ್ಕೆ ಸಂಬಂಧಿಸಿದ ಕ್ಯಾನ್ಸರ್, ಎರಡು ತಲೆಮಾರುಗಳಲ್ಲಿ, ಒಬ್ಬರಿಗಾದರೂ 50 ವರ್ಷಕ್ಕೆ ಮೊದಲು. ಹೀಗಿದ್ದರೆ ಡಾಕ್ಟರರಲ್ಲಿ ಹೇಳಲೇಬೇಕು. ಮನೆ ಸಣ್ಣದಾದರೆ ಸೂತ್ರ ಕೂಡಿಬರಲಿಕ್ಕಿಲ್ಲ; ಆದುದರಿಂದಲೇ ಗಡ್ಡೆಯ ಪರೀಕ್ಷೆ ಎಲ್ಲ ರೋಗಿಗಳಿಗೂ ಬೇಕು.

ಪ್ರೋಟೀನ್ ಇಲ್ಲ ಎಂದ ಮಾತ್ರಕ್ಕೆ ವಂಶದ ದೋಷ ಎಂದು ತೀರ್ಮಾನಿಸಬಾರದು. ಹೆಚ್ಚಿನವರಲ್ಲಿ ಎಂ.ಎಲ್.ಎಚ್.1 ವಯಸ್ಸಾದ ಮೇಲೆ ಗಡ್ಡೆಯಲ್ಲಿ ಮಾತ್ರ ಕೆಲಸ ನಿಲ್ಲಿಸಿರುತ್ತದೆ. ಅದರ ಜೊತೆ ಬಿ-ರಾಫ್ ವಿ600ಇ ಇದ್ದರೆ ಸಾಮಾನ್ಯವಾಗಿ ಮಕ್ಕಳಿಗೆ ಹೆದರಿಕೆಯಿಲ್ಲ. ವಂಶದ ದೋಷವೆಂದು ರಕ್ತ ಪರೀಕ್ಷೆಯಿಂದ ಖಚಿತವಾದರೆ ಒಡಹುಟ್ಟಿದವರೂ ಬೆಳೆದ ಮಕ್ಕಳೂ ಪರೀಕ್ಷೆ ಮಾಡಿಸಿಕೊಳ್ಳಬಹುದು. ದೋಷ ಇದ್ದವರು 20-25ನೆಯ ವಯಸ್ಸಿನಿಂದ, ಕೆಲವು ಜೀನ್‌ಗಳ ದೋಷವಾದರೆ ಇನ್ನೂ ತಡವಾಗಿ, ಒಂದೆರಡು ವರ್ಷಕ್ಕೊಮ್ಮೆ ಕೊಲೊನೋಸ್ಕೋಪಿ ಮಾಡಿಸಿ, ಪಾಲಿಪ್ ಇದ್ದರೆ ಅಲ್ಲೇ ತೆಗೆಸಿದರೆ ಕ್ಯಾನ್ಸರ್ ಬಾರದಂತೆ ಬಹಳಷ್ಟು ತಡೆಯಬಹುದು. ದೋಷ ಇಲ್ಲದವರಿಗೆ ಈ ವಿಶೇಷ ಕಾವಲಿನ ಅಗತ್ಯವೇ ಇಲ್ಲ.

ಮದುವೆಗೆ ಅಡ್ಡಿಯಾದೀತೆಂದು ಇಂಥ ಸುದ್ದಿಯನ್ನು ಮುಚ್ಚಿಡುವ ಮನೆಗಳಿವೆ. ಊರಿಗೆಲ್ಲ ಹೇಳಬೇಕಾಗಿಲ್ಲ. ಆದರೆ ಅಕ್ಕನ ರೋಗದ ಹೆಸರು ತಮ್ಮನಿಗೆ ತಿಳಿಯದೆ ಹೋದರೆ, ತಪ್ಪಿಸಬಹುದಾಗಿದ್ದ ಸಾವು ಆ ಮನೆಯಲ್ಲಿ ಇನ್ನೊಮ್ಮೆ ಬಂದೀತು.

ಹೊಸ ಹಾದಿಗಳು

ಗಡ್ಡೆ ತೆಗೆದ ಮೇಲೂ ಎಲ್ಲೋ ಉಳಿದ ಕ್ಯಾನ್ಸರ್ ಕೋಶಗಳ ಡಿ.ಎನ್.ಎ. ಚೂರುಗಳು ರಕ್ತದಲ್ಲಿ ತೇಲುತ್ತಿರುತ್ತವೆ. ಅವನ್ನು ಹುಡುಕುವ ರಕ್ತ ಪರೀಕ್ಷೆ ಈಗ ಇದೆ. ಎರಡನೆಯ ಹಂತದ 455 ಮಂದಿಯ ಮೇಲೆ ನಡೆದ ಆಸ್ಟ್ರೇಲಿಯದ ಪ್ರಯೋಗ 2022ರಲ್ಲಿ ಪ್ರಕಟವಾಯಿತು. ಈ ಪರೀಕ್ಷೆ ನೋಡಿ ನಿರ್ಧರಿಸಿದಾಗ ನೂರರಲ್ಲಿ 15 ಮಂದಿಗೆ ಮಾತ್ರ ಕಿಮೋ ಕೊಡಬೇಕಾಯಿತು. ಹಳೆಯ ಕ್ರಮದಲ್ಲಿ 28 ಮಂದಿಗೆ. ಎರಡು ವರ್ಷಗಳ ನಂತರ ರೋಗ ಮರಳದೆ ಇದ್ದವರ ಪ್ರಮಾಣ ಎರಡೂ ಕಡೆ ಹೆಚ್ಚುಕಡಿಮೆ ಒಂದೇ. ಆದರೆ ಇದು ದುಬಾರಿ ಪರೀಕ್ಷೆ, ಎಲ್ಲ ಆಸ್ಪತ್ರೆಗಳಲ್ಲಿ ರೂಢಿಗೆ ಬಂದಿಲ್ಲ.

ಇನ್ನೊಂದು ಡಿ.ಪಿ.ವೈ.ಡಿ. ಪರೀಕ್ಷೆ. ಇದು ಗಡ್ಡೆಯದ್ದಲ್ಲ, ರೋಗಿಯ ಸ್ವಂತ ಜೀನ್‌ನದ್ದು. ಈ ಜೀನ್‌ನಲ್ಲಿ ದೋಷವಿದ್ದವರ ದೇಹ ಫೈವ್-ಎಫ್.ಯು. ಮತ್ತು ಕೆಪೆಸಿಟಾಬಿನ್ ಮದ್ದುಗಳನ್ನು ಕರಗಿಸಿ ಹೊರಹಾಕಲಾರದು. ಅವರಿಗೆ ಬಾಯಿಹುಣ್ಣು, ಭೇದಿ, ಬಿಳಿ ರಕ್ತಕಣಗಳ ಕುಸಿತ ಪ್ರಾಣಾಪಾಯದ ಮಟ್ಟಕ್ಕೆ ಹೋಗಬಹುದು. ಮೊದಲೇ ತಿಳಿದರೆ ಪ್ರಮಾಣ ಇಳಿಸಬಹುದು ಅಥವಾ ಮದ್ದು ಬದಲಿಸಬಹುದು. ಕಿಮೋದ ಮೊದಲ ಸುತ್ತಿನಲ್ಲೇ ಇಂಥ ತೊಂದರೆ ಕಂಡರೆ ಮನೆಯಲ್ಲಿ ಸಹಿಸಿಕೊಂಡು ಕೂರದೆ ಕೂಡಲೇ ಆಸ್ಪತ್ರೆಗೆ ಹೋಗಬೇಕು.

ಮನೆಯವರು ಮಾಡಬೇಕಾದ್ದು

ಗಡಿನಾಡಿನಲ್ಲಿರುವ ನಮಗೆ ಒಂದು ವಿಶೇಷ ತೊಡಕಿದೆ. ಆಪರೇಶನ್ ಮಂಗಳೂರಿನಲ್ಲಿ, ಮುಂದಿನ ಚಿಕಿತ್ಸೆ ತಲಶ್ಶೇರಿಯ ಮಲಬಾರ್ ಕ್ಯಾನ್ಸರ್ ಸೆಂಟರ್‌ನಲ್ಲಿ ಅಥವಾ ತಿರುವನಂತಪುರದಲ್ಲಿ ಎಂದಾಗುವುದುಂಟು. ರೋಗಿ ಗಡಿ ದಾಟುತ್ತಾನೆ, ಗಡ್ಡೆ ಅಲ್ಲೇ ಉಳಿಯುತ್ತದೆ. ಬಯಾಪ್ಸಿ ಮಾಡಿದ ಅಥವಾ ಕತ್ತರಿಸಿ ತೆಗೆದ ಗಡ್ಡೆಯ ತುಣುಕುಗಳನ್ನು ಮೇಣದಲ್ಲಿ ಹುದುಗಿಸಿ ಲ್ಯಾಬೊರೇಟರಿಯಲ್ಲಿ ಇಟ್ಟಿರುತ್ತಾರೆ. ಇದಕ್ಕೆ ಬ್ಲಾಕ್ ಎಂದು ಹೆಸರು. ಮೇಲೆ ಹೇಳಿದ ರಾಸ್, ಬಿ-ರಾಫ್, ಎಂ.ಎಂ.ಆರ್. ಪರೀಕ್ಷೆಗಳನ್ನು ಸಾಮಾನ್ಯವಾಗಿ ಈ ಬ್ಲಾಕ್‌ನಿಂದಲೇ ಮಾಡುತ್ತಾರೆ. ಆದುದರಿಂದ:

1. ಪೆಥಾಲಜಿ ವರದಿಯ ಪ್ರತಿ ಕೇಳಿ ಪಡೆಯಿರಿ. ಅದರ ಮೇಲಿನ ಬ್ಲಾಕ್ ನಂಬ್ರವನ್ನು ಬರೆದಿಟ್ಟುಕೊಳ್ಳಿ. ಬೇರೆ ಆಸ್ಪತ್ರೆಗೆ ಹೋಗುವಾಗ ಬ್ಲಾಕ್ ಮತ್ತು ಸ್ಲೈಡ್‌ಗಳನ್ನು ಕೇಳಿದರೆ ಕೊಡುತ್ತಾರೆ.

2. ಹಂತ ಯಾವುದೇ ಇರಲಿ, ಎಂ.ಎಂ.ಆರ್. ಪರೀಕ್ಷೆ ಆಗಿದೆಯೇ ಎಂದು ಕೇಳಿ. ನಾಲ್ಕು ಪ್ರೋಟೀನ್‌ಗಳಿಗೆ ಬಣ್ಣ ಹಾಕಿ ನೋಡುವ ಈ ಪರೀಕ್ಷೆ ಜೀನ್ ಪರೀಕ್ಷೆಗಳಿಗಿಂತ ಅಗ್ಗ.

3. ನಾಲ್ಕನೆಯ ಹಂತವಾದರೆ ಕೆ-ರಾಸ್, ಎನ್-ರಾಸ್, ಬಿ-ರಾಫ್ ನೋಡಿದ್ದೀರಾ ಎಂದು ಕೇಳಿ.

4. ದುಬಾರಿ ಮದ್ದು ಸೂಚಿಸಿದರೆ, ಯಾವ ಗುರುತಿನ ಆಧಾರದ ಮೇಲೆ ಎಂದು ವಿನಯದಿಂದ ಕೇಳಿ. ಒಳ್ಳೆಯ ಡಾಕ್ಟರರು ಇದಕ್ಕೆ ಬೇಸರಿಸುವುದಿಲ್ಲ.

5. ಎರಡೂ ಕಡೆಯ ಹಿರಿಯರಲ್ಲಿ ಯಾರಿಗೆ ಯಾವ ಕ್ಯಾನ್ಸರ್, ಯಾವ ವಯಸ್ಸಿನಲ್ಲಿ ಆಗಿತ್ತೆಂದು ಒಂದು ಹಾಳೆಯಲ್ಲಿ ಬರೆದು ಫೈಲಿನಲ್ಲಿಡಿ.

ಕೇಳಿಬರುವ ಪ್ರಶ್ನೆಗಳು

ಪ್ರಶ್ನೆ: ಬಯಾಪ್ಸಿಗೆ ಚೂರು ತೆಗೆದರೆ ಕ್ಯಾನ್ಸರ್ ಹಬ್ಬುತ್ತದೆಯೇ?

ಉತ್ತರ: ಕೊಲೊನೋಸ್ಕೋಪಿಯಲ್ಲಿ ಚೂರು ತೆಗೆಯುವುದರಿಂದ ರೋಗ ಹಬ್ಬುತ್ತದೆಂಬ ಹೆದರಿಕೆ ಬೇಡ. ಚೂರು ಸಿಗದಿದ್ದರೆ ರೋಗವೂ ಖಚಿತವಾಗದು, ಗುರುತೂ ತಿಳಿಯದು.

ಪ್ರಶ್ನೆ: ಆಸ್ಪಿರಿನ್ ಮಾತ್ರೆ ಕರುಳಿನ ಕ್ಯಾನ್ಸರ್ ತಡೆಯುತ್ತದೆ ಎನ್ನುತ್ತಾರೆ. ತೆಗೆದುಕೊಳ್ಳಬಹುದೇ?

ಉತ್ತರ: ಲಿಂಚ್ ದೋಷವಿದ್ದ 861 ಮಂದಿಯ ಪ್ರಯೋಗದಲ್ಲಿ, ಎರಡು ವರ್ಷವಾದರೂ ದಿನಕ್ಕೆ 600 ಮಿಲಿಗ್ರಾಮ್ ಆಸ್ಪಿರಿನ್ ನುಂಗಿದವರಲ್ಲಿ ಮುಂದೆ ಕರುಳಿನ ಕ್ಯಾನ್ಸರ್ ಕಡಿಮೆಯಾದದ್ದು ನಿಜ. ಆದರೆ ಆಸ್ಪಿರಿನ್‌ನಿಂದ ಹೊಟ್ಟೆಯಲ್ಲಿ ಹುಣ್ಣು, ರಕ್ತಸ್ರಾವ ಆಗಬಹುದು. ಯಾರಿಗೆ ಸಲ್ಲುತ್ತದೆ, ಎಷ್ಟು ಪ್ರಮಾಣ ಎಂಬುದನ್ನು ಡಾಕ್ಟರರೇ ಹೇಳಬೇಕು.

ಪ್ರಶ್ನೆ: ಗುರುತು ಕೆಟ್ಟದ್ದು ಬಂದರೆ ಆಸೆ ಬಿಡಬೇಕೇ?

ಉತ್ತರ: ಬೇಡ. ಗುರುತು ಹೇಳುವುದು ನೂರು ಮಂದಿಯ ಸರಾಸರಿಯನ್ನು, ನಿಮ್ಮ ಮನೆಯ ಒಬ್ಬರ ಹಣೆಬರಹವನ್ನಲ್ಲ. ಅದರ ಉಪಯೋಗ ದಾರಿ ಆರಿಸುವುದಕ್ಕೆ. ನಾಟದ ಮದ್ದನ್ನು ಬಿಟ್ಟು ನಾಟುವ ಮದ್ದನ್ನು ಹಿಡಿಯುವುದಕ್ಕೆ, ಯಾವ ಮದ್ದೂ ನಾಟದ ಹಂತದಲ್ಲಿ ನೋವು ಕಡಿಮೆ ಮಾಡುವ ಆರೈಕೆಗೆ ಹಣವನ್ನೂ ಶಕ್ತಿಯನ್ನೂ ಉಳಿಸಿಕೊಳ್ಳುವುದಕ್ಕೆ ಅದು ನೆರವಾಗುತ್ತದೆ.

ಈ ಪುಟವನ್ನು ಕತ್ತರಿಸಿ ಮನೆಯ ಆಸ್ಪತ್ರೆ ಕಾಗದಗಳ ಜೊತೆ ಇಟ್ಟುಕೊಳ್ಳಿ. ನಿಮಗೆ ಬೇಕಾಗದಿರಲಿ, ನೆರೆಮನೆಯವರಿಗೆ ಬೇಕಾದಾಗ ಓದಿ ಹೇಳಬಹುದು.